ಅದೇ ಇಂಜಿನ್, ಬಿಳಿ ಬೋರ್ಡ್ ಓಡುತ್ತೆ. ಹಳದಿ ಬೋರ್ಡ್ 80ಕ್ಕೇ ನಿಲ್ಲೋದ್ಯಾಕೆ?

ಪ್ರಶ್ನೆ: ನನ್ನದು ಹಳದಿ ಬೋರ್ಡ್ ಕಾರು, ಮದ್ದೂರಿನಿಂದ ಬಾಡಿಗೆಗೆ ಓಡಿಸ್ತೀನಿ. ನಮ್ಮ ಭಾವನದ್ದೂ ಅದೇ ಕಂಪನಿ, ಅದೇ ಇಂಜಿನ್, ಆದರೆ ಬಿಳಿ ಬೋರ್ಡ್. ದಶಪಥದಲ್ಲಿ ಅವರದ್ದು ಸಲೀಸಾಗಿ ನೂರು ಮುಟ್ಟುತ್ತೆ. ನನ್ನದು 80 ಆದಮೇಲೆ ಎಷ್ಟು ತುಳಿದರೂ ಜಗ್ಗಲ್ಲ. ಒಳಗೆ ಏನು ಮಾಡಿಟ್ಟಿದ್ದಾರೆ? ಇಂಜಿನ್‌ಗೆ ಪೆಟ್ಟು ಬೀಳಲ್ವಾ? ಕೀಳಿಸಬಹುದಾ?

ನಿಮ್ಮ ಕಾರಿನಲ್ಲಿರುವುದು ವೇಗ ಮಿತಿ ದಾಟದಂತೆ ತಡೆಯುವ ಸ್ಪೀಡ್ ಗವರ್ನರ್. ಅದರಿಂದ ಇಂಜಿನ್‌ಗೆ ಏನೂ ಆಗುವುದಿಲ್ಲ. ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಈ ಅಳುಕೇ ಹೆಚ್ಚು, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಕೀಳಿಸುವ ಮಾತು ಆಮೇಲೆ.

ಈಚೆಗೆ ಮೈಸೂರಿನಿಂದ ಬೆಂಗಳೂರಿಗೆ ಇಂಥದ್ದೇ ಒಂದು ಕಾರಿನಲ್ಲಿ ಹೋದೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಚಾಲಕರು ಬಲಗಾಲನ್ನು ನೆಲಕ್ಕೆ ಒತ್ತಿಟ್ಟವರು ಮತ್ತೆ ಎತ್ತಲೇ ಇಲ್ಲ. ಮೀಟರಿನ ಮುಳ್ಳು 83ರ ಹತ್ತಿರ ಅಂಟಿಕೊಂಡಿತ್ತು, ನನ್ನ ಫೋನಿನ ಮ್ಯಾಪ್ 80 ಎನ್ನುತ್ತಿತ್ತು. (ಮೀಟರು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ, ಕಡಿಮೆ ತೋರಿಸಬಾರದೆಂದು ಹಾಗೆ ಮಾಡಿರುತ್ತಾರೆ.) "ನೋಡಿ ಸಾ, ಇನ್ನು ತುಳಿಯಾಕೆ ಜಾಗಾನೇ ಇಲ್ಲ, ಆದ್ರೂ ಏರಾಕಿಲ್ಲ" ಅಂದರು. ಇಂಜಿನ್ನಿನ ಸದ್ದು ಮಾತ್ರ ತಣ್ಣಗಿತ್ತು. ಪೂರ್ತಿ ತುಳಿದ ಗಾಡಿಯ ಗರ್ಜನೆ ಅದಲ್ಲ.

ಗುಟ್ಟು ಇರುವುದು ಆ ಪೆಡಲಿನಲ್ಲಿ. ಹಳೇ ಗಾಡಿಗಳಲ್ಲಿ ಆಕ್ಸಿಲೇಟರಿನಿಂದ ಇಂಜಿನ್‌ವರೆಗೆ ಕೇಬಲ್ಲೋ ಕಂಬಿಯೋ ಇರುತ್ತಿತ್ತು. ಕಾಲು ತುಳಿದಷ್ಟೂ ಅದು ತೆರೆಯುತ್ತಿತ್ತು, ನಡುವೆ ಕೇಳುವವರಿಲ್ಲ. ಈಗಿನ ಕಾರಿನಲ್ಲಿ ಕೇಬಲ್ ಇಲ್ಲ. ಪೆಡಲಿನ ಬುಡದಲ್ಲಿ ಎರಡು ಸೆನ್ಸಾರ್‌ಗಳಿವೆ. ಎಷ್ಟು ತುಳಿದಿರಿ ಎಂಬುದನ್ನು ಅವು ವೋಲ್ಟೇಜ್ ಲೆಕ್ಕದಲ್ಲಿ ಇಂಜಿನ್ ಕಂಪ್ಯೂಟರಿಗೆ, ಅಂದರೆ ಮೆಕ್ಯಾನಿಕ್‌ಗಳು ಹೇಳುವ ಇಸಿಯುಗೆ, ಮುಟ್ಟಿಸುತ್ತವೆ. ಪೆಟ್ರೋಲ್ ಗಾಡಿಯಾದರೆ ಗಾಳಿಯ ಬಾಗಿಲನ್ನು ಎಷ್ಟು ತೆರೆಯಬೇಕು, ಡೀಸೆಲ್ ಆದರೆ ಎಷ್ಟು ಎಣ್ಣೆ ಚಿಮ್ಮಿಸಬೇಕು ಎಂದು ತೀರ್ಮಾನಿಸುವುದು ಆ ಪೆಟ್ಟಿಗೆ. ನಿಮ್ಮ ಕಾಲು ಅರ್ಜಿ ಹಾಕುತ್ತದೆ ಅಷ್ಟೇ, ಮಂಜೂರು ಮಾಡುವುದು ಇಸಿಯು.

ಚಕ್ರದ ಹತ್ತಿರವೋ ಗೇರ್‌ಬಾಕ್ಸಿನಲ್ಲೋ ಇರುವ ಇನ್ನೊಂದು ಸೆನ್ಸಾರ್ ಸುತ್ತು ಎಣಿಸಿ ವೇಗ ಹೇಳುತ್ತಿರುತ್ತದೆ. 80 ಹತ್ತಿರವಾದಂತೆ ಮಂಜೂರಾತಿ ಕಡಿಮೆಯಾಗುತ್ತಾ ಬರುತ್ತದೆ. ಕೊನೆಗೆ ಎದುರುಗಾಳಿ ಸೀಳಲು, ಟೈರು ಉರುಳಿಸಲು ಎಷ್ಟು ಬೇಕೋ ಅಷ್ಟೇ ಸಿಗುತ್ತದೆ. ದಿಢೀರನೆ ಎಣ್ಣೆ ನಿಲ್ಲಿಸುವುದಿಲ್ಲವಾದ್ದರಿಂದ ಜರ್ಕ್ ಇಲ್ಲ. ಕಾಲು ನೆಲ ಮುಟ್ಟಿದ್ದರೂ ಇಂಜಿನ್ ಮಾಡುತ್ತಿರುವುದು 80ಕ್ಕೆ ಬೇಕಾದ ಕೆಲಸವನ್ನು ಮಾತ್ರ. ಇದು ಬ್ರೇಕಿನ ತಂಟೆಗೆ ಹೋಗುವುದಿಲ್ಲ. ಇಳಿಜಾರಿನಲ್ಲಿ ಗಾಡಿ ತಾನಾಗಿ 85 ಮುಟ್ಟಿದರೆ ತಡೆಯಲಾರದು.

ನಿಮ್ಮ ಕಡೆ ಆಲೆಮನೆಯ ಹಳೇ ಡೀಸೆಲ್ ಇಂಜಿನ್ ನೋಡಿಯೇ ಇರುತ್ತೀರಿ. ಗಾಣಕ್ಕೆ ಒಂದು ಹಿಡಿ ಕಬ್ಬು ಕೊಟ್ಟ ಕೂಡಲೇ ಅದರ ಸದ್ದು ಭಾರವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಕಬ್ಬು ಮುಗಿದಾಗ ಹಗುರಾಗುತ್ತದೆ, ಆದರೆ ಹುಚ್ಚೆದ್ದು ಸುತ್ತುವುದಿಲ್ಲ. ಎರಡನ್ನೂ ನೋಡಿಕೊಳ್ಳುವುದು ಒಳಗೆ ತಿರುಗುವ ತೂಕದ ಗುಂಡುಗಳು, ಅದೇ ಗವರ್ನರ್. 1788ರಲ್ಲಿ ಜೇಮ್ಸ್ ವಾಟ್ ಉಗಿ ಇಂಜಿನ್‌ಗೆ ಕೂರಿಸಿದ್ದರ ವಂಶದ್ದೇ. ನಿಮ್ಮ ಕಾರಿನದು ಅದರಲ್ಲಿ ಅರ್ಧ ಕೆಲಸ ಮಾತ್ರ ಮಾಡುತ್ತದೆ: ಮೇಲೇರಬೇಡ ಎನ್ನುತ್ತದೆ, ಕೆಳಗಿಳಿದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ.

ಪಿಕಪ್ ಹೋಯಿತು, ಗಾಡಿ ಜರ್ಕ್ ಹೊಡೆಯುತ್ತದೆ ಎಂಬ ದೂರು ಹೆಚ್ಚಾಗಿ ಬರುವುದು ಹೊರಗಿನಿಂದ ಕೂರಿಸಿದ ಗವರ್ನರ್ ಡಬ್ಬಿಗಳಿಂದ. ಪೆಡಲಿಗೂ ಇಸಿಯುಗೂ ನಡುವೆ ಕೂತು ಅರ್ಜಿಯನ್ನೇ ತಿದ್ದಿ ಕಳಿಸುವ ಗುಮಾಸ್ತ ಅದು. ಹಳೇ ಡೀಸೆಲ್ ಲಾರಿಗಳಲ್ಲಿ ಎಣ್ಣೆ ಪೈಪಿಗೇ ವಾಲ್ವ್ ಹಾಕುವುದುಂಟು. ಸೆಟ್ಟಿಂಗ್ ಕೆಟ್ಟಿದ್ದರೆ ಇವು ಕಾಟ ಕೊಡುತ್ತವೆ, ಸುಳ್ಳಲ್ಲ.

ಇನ್ನು ಯಾಕೆ ಎಂಬುದು. ಕೇಂದ್ರ ಮೋಟಾರು ವಾಹನ ನಿಯಮಗಳ 118ನೇ ನಿಯಮದಂತೆ 2015ರ ಅಕ್ಟೋಬರ್ 1ರಿಂದ ತಯಾರಾದ ಹೆಚ್ಚಿನ ಸಾರಿಗೆ ವಾಹನಗಳಿಗೆ ಗವರ್ನರ್ ಕಡ್ಡಾಯ: ಸಾಮಾನ್ಯವಾಗಿ 80, ಶಾಲಾ ಬಸ್, ಟ್ಯಾಂಕರ್, ಡಂಪರ್‌ಗಳಿಗೆ 60. ಮೊದಲ ಸುತ್ತಿನಲ್ಲಿ ಹೊರಗಿದ್ದ ಸಣ್ಣ ಟ್ಯಾಕ್ಸಿಗಳೂ ಆಮೇಲೆ ಒಳಗೆ ಬಂದವು. ನಿಮ್ಮ ಭಾವನ ಕಾರಿಗೆ ಇರುವುದು ಬರೀ ಪೀಂಪೀಂ. 2019ರ ಜುಲೈ 1ರಿಂದ ಬಂದ ಕಾರುಗಳು 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಕೂಗುತ್ತವೆ.

ಹೊಡೆತದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಇದ್ದದ್ದು 100ಕ್ಕೆ ಒಂದೂವರೆ ಪಟ್ಟು ದಾಟುತ್ತದೆ, 120ಕ್ಕೆ ಎರಡೂಕಾಲು ಪಟ್ಟು. ಡಿವೈಡರ್ ಸಂದಿಯಿಂದ ನಾಯಿ ನುಗ್ಗಿತು, ಬ್ರೇಕಿಗೆ ಕಾಲಿಡಲು ಒಂದು ಸೆಕೆಂಡ್ ಹಿಡಿಯಿತು ಅನ್ನಿ. 80ರಲ್ಲಿ ಅಷ್ಟರೊಳಗೆ 22 ಮೀಟರ್ ಹೋಗಿರುತ್ತೀರಿ, 120ರಲ್ಲಿ 33. ಬಾಡಿಗೆ ಗಾಡಿಯವರಿಗೇ ಮೊದಲು ಕಡಿವಾಣ ಬಿದ್ದದ್ದಕ್ಕೆ ನನಗೆ ಕಾಣುವ ಕಾರಣ, ದಿನಕ್ಕೆ ಇನ್ನೊಂದು ಟ್ರಿಪ್ ಹೊಡೆಯುವ ಒತ್ತಡ ಅವರಿಗೇ ಹೆಚ್ಚು. ಹಾಗಂತ ಬಿಳಿ ಬೋರ್ಡಿನವರನ್ನು ಪೂರ್ತಿ ಬಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ವೋಲ್ವೋ ಕಂಪನಿ 2020ರಿಂದ ತನ್ನ ಕಾರುಗಳನ್ನು 180ಕ್ಕೆ ಕಟ್ಟಿಹಾಕಿದೆ. ಯುರೋಪಿನಲ್ಲಿ 2024ರ ಜುಲೈಯಿಂದ ಮಾರುವ ಹೊಸ ಕಾರುಗಳು ರಸ್ತೆಯ ವೇಗಮಿತಿಯನ್ನು ತಾವೇ ಗುರುತಿಸಿ ಚಾಲಕರನ್ನು ಎಚ್ಚರಿಸಬೇಕು, ಬೇಡವೆಂದರೆ ಚಾಲಕರು ಮೀರಬಹುದು.

ಒಂದು ತೊಂದರೆ ಮಾತ್ರ ನಿಜವಾದದ್ದು, ಓವರ್‌ಟೇಕ್. 75ರಲ್ಲಿ ಹೋಗುವ ಲಾರಿಯನ್ನು 80ರಲ್ಲಿ ಹಿಂದಿಕ್ಕಲು ಸುಮಾರು 36 ಸೆಕೆಂಡ್, 800 ಮೀಟರ್ ಬೇಕು. ದಶಪಥದಲ್ಲಿ ಅದು ಸರಿ. ಮಳವಳ್ಳಿ ಕಡೆಯ ಎದುರುಬದುರು ಓಡಾಟದ ರಸ್ತೆಯಲ್ಲಿ ಆ ಸಾಹಸ ಬೇಡ, ಲಾರಿಯ ಹಿಂದೆಯೇ ಇರಿ.

ಕೀಳಿಸಬೇಡಿ. ಕಂಪನಿಯಿಂದಲೇ ಬಂದದ್ದಾದರೆ ಅದು ಕೀಳುವ ತಂತಿಯಲ್ಲ, ಇಸಿಯು ಒಳಗಿನ ಲೆಕ್ಕ. ಪೆಡಲಿನ ವೈರಿಗೆ ಕೈಹಾಕಿ ಎರಡು ಸೆನ್ಸಾರ್‌ಗಳ ಮಾತು ತಾಳೆಯಾಗದಂತಾದರೆ ಇಸಿಯು ಯಾರನ್ನೂ ನಂಬದೆ ಗಾಡಿಯನ್ನು ಕುಂಟಿಸಿಬಿಡುತ್ತದೆ, ಆಗ ಗ್ಯಾರೇಜಿಗೆ ತೆವಳಿಕೊಂಡೇ ಹೋಗಬೇಕು. ಹೊರಗಿನ ಡಬ್ಬಿಯಾದರೆ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ತಪಾಸಣೆಗೆ) ಹೋದಾಗ ಡಬ್ಬಿಯ ಸೀಲ್ ಇಲ್ಲದೆ ಸಿಕ್ಕಿಬೀಳುತ್ತೀರಿ.

ಬೇಕಾದರೆ ಇಷ್ಟು ಮಾಡಿ. ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟು ರಸ್ತೆಯಲ್ಲಿ ಮ್ಯಾಪಿನ ವೇಗ ನೋಡಲು ಹೇಳಿ. 80ರ ಆಸುಪಾಸು ಬಂದರೆ ಸರಿಯಿದೆ. 72ಕ್ಕೇ ನಿಂತರೆ, ಇಲ್ಲವೇ ಜರ್ಕ್ ಹೊಡೆದರೆ, ಸೀಲ್ ಹಾಕಿದವರ ಹತ್ತಿರವೇ ಹೋಗಿ ಸೆಟ್ಟಿಂಗ್ ಸರಿಮಾಡಿಸಿ. ನಡುವೆ ಟೈರಿನ ಅಳತೆ ಬದಲಾಯಿಸಿದ್ದರೆ ಅದನ್ನೂ ಅವರಿಗೆ ಹೇಳಿ. ಚಕ್ರ ದೊಡ್ಡದಾದರೂ ಚಿಕ್ಕದಾದರೂ ಲೆಕ್ಕ ತಪ್ಪುತ್ತದೆ.