ಮೀನಿನಿಂದ ಮಾಡಿದ ಹಿಮಬಂಡಿ

ಉತ್ತರ ಧ್ರುವ ಪ್ರದೇಶದ ಪಾಠವೆಂದರೆ ನಮ್ಮ ತರಗತಿಗಳಲ್ಲಿ ಹಿಮದ ಮನೆ, ನಾಯಿಗಳು ಎಳೆಯುವ ಬಂಡಿ, ಹಸಿ ಮಾಂಸ ತಿನ್ನುವ ಜನ. ಮಕ್ಕಳು ಅಚ್ಚರಿಪಡುತ್ತಾರೆ, ಪರೀಕ್ಷೆಯಲ್ಲಿ ‘ಇಗ್ಲೂ’ ಎಂದು ಬಿಟ್ಟ ಸ್ಥಳ ತುಂಬುತ್ತಾರೆ, ಅಲ್ಲಿಗೆ ಪಾಠ ಮುಗಿಯುತ್ತದೆ. ಆ ಜನ ಹಾಗೆ ಬದುಕುವುದೇಕೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಆ ಪ್ರಶ್ನೆಯಿಂದಲೇ ಪಾಠ ಶುರುವಾಗಬೇಕು ಎನ್ನುವವನು ನಾನು. ಅದಕ್ಕೆ ಕೆನಡಾದ ಕಿಂಗ್ ವಿಲಿಯಂ ದ್ವೀಪಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಮ್ಮ ಮನೆಯ ಫ್ರಿಜ್ಜಿನ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಈ ದ್ವೀಪದ ಚಳಿಗಾಲದಲ್ಲಿ ಮೈನಸ್ 40 ಅಪರೂಪವಲ್ಲ. 1845ರಲ್ಲಿ ಇಂಗ್ಲೆಂಡಿನಿಂದ ಹೊರಟ ಅನ್ವೇಷಕ ಜಾನ್ ಫ್ರಾಂಕ್ಲಿನ್ ಅವರ ಎರಡು ಹಡಗುಗಳು 1846ರ ಸೆಪ್ಟೆಂಬರ್‌ನಲ್ಲಿ ಇದರ ಬಳಿಯೇ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದವು. 1848ರ ಏಪ್ರಿಲ್‌ನಲ್ಲಿ, ಬದುಕುಳಿದಿದ್ದ 105 ಮಂದಿ ಹಡಗುಗಳನ್ನು ಬಿಟ್ಟು ದಕ್ಷಿಣಕ್ಕೆ ನಡೆದರು. 129 ಜನರ ಆ ತಂಡದಲ್ಲಿ ಒಬ್ಬರೂ ಮನೆಗೆ ಮರಳಲಿಲ್ಲ. 1859ರಲ್ಲಿ ಹುಡುಕಿ ಬಂದವರಿಗೆ ಭಾರಿ ಓಕ್ ಮರದ ಬಂಡಿಯ ಮೇಲೆ ಕಟ್ಟಿದ್ದ 28 ಅಡಿ ಉದ್ದದ ದೋಣಿಯೊಂದು ಸಿಕ್ಕಿತು. ಅದರಲ್ಲಿ ಎರಡು ಅಸ್ಥಿಪಂಜರಗಳ ಜೊತೆಗೆ ಬೆಳ್ಳಿಯ ಚಮಚ, ರೇಷ್ಮೆ ಕರವಸ್ತ್ರ, ಪುಸ್ತಕ, ಸೋಪು, ಚಾಕೊಲೇಟ್ ಇದ್ದವು. ಅಷ್ಟನ್ನೂ ಹಸಿದ ಮನುಷ್ಯರು ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆದಿದ್ದರು.

ಅದೇ ದ್ವೀಪಕ್ಕೆ 1903ರಲ್ಲಿ ನಾರ್ವೆಯ ಅನ್ವೇಷಕ ರೋವಾಲ್ಡ್ ಅಮುಂಡ್ಸನ್ ಪುಟ್ಟ ಹಡಗಿನಲ್ಲಿ ಆರು ಮಂದಿ ಸಂಗಡಿಗರೊಂದಿಗೆ ಬಂದರು. ಎರಡು ಚಳಿಗಾಲಗಳನ್ನು ಅಲ್ಲಿ ಕಳೆದರು; ಅಲ್ಲಿನ ನೆಟ್ಸಿಲಿಕ್ ಜನರಿಂದ ಉಡುಪು, ಬಂಡಿ, ಹಿಮದ ಮನೆಯ ವಿದ್ಯೆಗಳನ್ನು ಶ್ರದ್ಧೆಯ ವಿದ್ಯಾರ್ಥಿಯಂತೆ ಕಲಿತರು. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವವನ್ನು ಮೊದಲು ತಲುಪಿದಾಗ ಈ ಕಲಿಕೆ ಅವರ ಜೊತೆಗಿತ್ತು. ಇಲ್ಲೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು: ಫ್ರಾಂಕ್ಲಿನ್ ತಂಡದಂತೆ ಒಟ್ಟಿಗಿದ್ದ ನೂರಕ್ಕೂ ಹೆಚ್ಚು ಜನರನ್ನು ಬೇಟೆಯಿಂದಲೇ ಸಾಕುವ ಶಕ್ತಿ ಆ ನೆಲಕ್ಕಿರಲಿಲ್ಲ. ಸ್ಥಳೀಯರು ಚದುರಿ, ಸಣ್ಣ ಗುಂಪುಗಳಲ್ಲಿ, ಋತುವಿಗೆ ತಕ್ಕಂತೆ ಅಲೆಯುತ್ತಿದ್ದುದೂ ಅವರ ಹೊಂದಾಣಿಕೆಯ ಭಾಗವೇ.

ನೆಟ್ಸಿಲಿಕರು ಇನ್ಯೂಯಿಟ್ ಜನಾಂಗದ ಒಂದು ಗುಂಪು. ‘ಇನ್ಯೂಯಿಟ್’ ಎಂದರೆ ಅವರ ಭಾಷೆಯಲ್ಲಿ ‘ಜನ’ ಎಂದಷ್ಟೇ ಅರ್ಥ. ಮರ ಬೆಳೆಯದ ಆ ನಾಡಿನಲ್ಲಿ ಅವರು ಬಂಡಿ ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೀನುಗಳನ್ನು ಉದ್ದಕ್ಕೆ ಸಾಲಾಗಿ ಜೋಡಿಸಿ, ಒದ್ದೆ ಚರ್ಮದಲ್ಲಿ ಬಿಗಿಯಾಗಿ ಸುತ್ತಿ, ಹೊರಗಿಟ್ಟು ಹೆಪ್ಪುಗಟ್ಟಿಸಿದರೆ ಬಂಡಿಯ ಎರಡು ಜಾರುಪಟ್ಟಿಗಳು ಸಿದ್ಧ. ಅಡ್ಡಪಟ್ಟಿಗಳಿಗೆ ಕ್ಯಾರಿಬೂ ಸಾರಂಗದ ಕೊಂಬು. ಮೊಳೆಯ ಮಾತೇ ಇಲ್ಲ. ಎಲ್ಲವನ್ನೂ ಚರ್ಮದ ಹುರಿಯಿಂದ ಬಿಗಿಯುತ್ತಿದ್ದರು. ಬಿಗಿದ ಕಟ್ಟು ಉಬ್ಬುತಗ್ಗಿನ ಮೇಲೆ ತುಸು ಅಲುಗಾಡಿ ಪೆಟ್ಟನ್ನು ನುಂಗಿಕೊಳ್ಳುತ್ತದೆ, ಮೊಳೆ ಹೊಡೆದ ಜೋಡಣೆ ಸೀಳುತ್ತದೆ. ಹಗ್ಗದಲ್ಲಿ ಬಿಗಿದ ಮದುವೆ ಚಪ್ಪರ ಗಾಳಿಗೆ ತೂಗಿಯೂ ನಿಲ್ಲುವುದನ್ನು ಕಂಡ ನಮ್ಮ ಮಕ್ಕಳಿಗೆ ಇದು ಬೇಗ ಅರ್ಥವಾದೀತು. ಇನ್ನು, ಕಡುಚಳಿಯಲ್ಲಿ ಹಿಮ ಮರಳಿನಂತೆ ಗರಗರ ಎನ್ನುತ್ತದೆ, ಅದರ ಮೇಲೆ ಲೋಹದ ಪಟ್ಟಿ ಕೂಡ ಸರಾಗವಾಗಿ ಜಾರುವುದಿಲ್ಲ. ಅದಕ್ಕೆ ಜಾರುಪಟ್ಟಿಗೆ ಮಣ್ಣು ಮೆತ್ತಿ, ಬಾಯಲ್ಲಿ ನೀರು ತುಂಬಿಕೊಂಡು ಅದರ ಮೇಲೆ ಉಗುಳಿ, ಕರಡಿಯ ತುಪ್ಪಳದ ತುಂಡಿನಿಂದ ಸವರುತ್ತಿದ್ದರು; ನೀರು ಕೂಡಲೇ ಗಾಜಿನಂಥ ಪದರವಾಗುತ್ತಿತ್ತು. ಬೇಸಿಗೆ ಸಮೀಪಿಸಿ ಬಂಡಿ ಕರಗತೊಡಗಿದಾಗ ಚರ್ಮ ಬಿಚ್ಚಿ ಮೀನನ್ನು ತಿನ್ನಬಹುದಿತ್ತು!

ಉಡುಪಿನಲ್ಲಿಯೂ ಇದೇ ಬಗೆಯ ಲೆಕ್ಕಾಚಾರ. ಕ್ಯಾರಿಬೂ ಚರ್ಮದ ಎರಡು ಅಂಗಿಗಳು. ಒಳಗಿನದರ ಕೂದಲು ಮೈಯ ಕಡೆಗೆ, ಹೊರಗಿನದರ ಕೂದಲು ಹೊರಕ್ಕೆ. ಕೂದಲೊಳಗೂ ಪದರಗಳ ನಡುವೆಯೂ ನಿಂತ ಗಾಳಿಯೇ ಶಾಖವನ್ನು ಕಾಯುತ್ತದೆ. ಅಂಗಿ ಸಡಿಲವಾಗಿರಲು ಕಾರಣವುಂಟು: ಬಿಸಿಯೆನಿಸಿದಾಗ ಕತ್ತಿನ ಬಳಿ ಸಡಿಲಿಸಿದರೆ ಸಾಕು, ತೇವ ಹೊರಹೋಗುತ್ತದೆ. ಆ ಚಳಿಯಲ್ಲಿ ಪ್ರಯಾಣಿಕನಿಗೆ ಬೆವರು ಹಗೆ. ಒಂದೇ ಅಳತೆಯ ಬಿಸಿನೀರಿನ ಎರಡು ಸ್ಟೀಲ್ ಲೋಟಗಳಲ್ಲಿ ಒಂದಕ್ಕೆ ಒಣ ಉಣ್ಣೆಬಟ್ಟೆ, ಇನ್ನೊಂದಕ್ಕೆ ಅದೇ ಬಟ್ಟೆಯ ಒದ್ದೆ ತುಂಡು ಸುತ್ತಿ ಫ್ಯಾನಿನ ಕೆಳಗಿಟ್ಟು ಕಾಲು ಗಂಟೆಯ ನಂತರ ಥರ್ಮಾಮೀಟರ್ ಅದ್ದಿದರೆ, ಮಕ್ಕಳಿಗೆ ಬೇರೆ ವಿವರಣೆ ಬೇಕಾಗದು.

ಹಾಗಾದರೆ ಅವರ ದೇಹವೇ ಚಳಿಗೆ ಒಗ್ಗಿಕೊಂಡಿಲ್ಲವೆ? ಒಂದಿಷ್ಟು ಒಗ್ಗಿದೆ. ಚಳಿಯಲ್ಲೂ ಅವರ ಕೈಗಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ಕೊಬ್ಬಿನ ಆಹಾರವನ್ನು ನಿಭಾಯಿಸುವ ವಂಶವಾಹಿಗಳಲ್ಲಿ ವ್ಯತ್ಯಾಸಗಳಿರುವುದನ್ನು ಗ್ರೀನ್‌ಲ್ಯಾಂಡಿನ ಇನ್ಯೂಯಿಟರ ಕುರಿತ 2015ರ ಅಧ್ಯಯನ ತೋರಿಸಿತು. ಹಸಿ ಮಾಂಸ ಮತ್ತು ತಿಮಿಂಗಿಲದ ಚರ್ಮದಲ್ಲಿ, ಬೇಯಿಸಿದರೆ ನಾಶವಾಗುವ ‘ಸಿ’ ಜೀವಸತ್ವ ಉಳಿದಿರುವುದರಿಂದ ತರಕಾರಿಯಿಲ್ಲದೆಯೂ ಸ್ಕರ್ವಿ ರೋಗ ಅವರನ್ನು ಕಾಡಲಿಲ್ಲ. ಆದರೆ ಬರಿಮೈಯ ಇನ್ಯೂಯಿಟ್ ಮನುಷ್ಯನೂ ಮೈನಸ್ 40ರಲ್ಲಿ ಬಹಳ ಹೊತ್ತು ಬದುಕಲಾರ. ಹೊಂದಾಣಿಕೆಯ ದೊಡ್ಡ ಪಾಲು ಇರುವುದು ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಹೊಲಿಗೆಯಲ್ಲಿ, ತಂದೆ ಮಗನಿಗೆ ತೋರಿಸಿದ ದಾರಿಯಲ್ಲಿ. ಉತ್ತರ ಕೆನಡಾದ ಇಗ್ಲೂಲಿಕ್ ಪ್ರದೇಶದಲ್ಲಿ ವಾಯವ್ಯದ ಗಾಳಿ ಹಿಮವನ್ನು ನಾಲಿಗೆಯಾಕಾರದ ಗಟ್ಟಿ ದಿಬ್ಬಗಳಾಗಿ ಕೊರೆಯುತ್ತದೆ. ಮಂಜು ಮುಸುಕಿ ಏನೂ ಕಾಣದಾದಾಗ ಪಯಣಿಗರು ಆ ದಿಬ್ಬಗಳನ್ನು ಒಂದೇ ಕೋನದಲ್ಲಿ ದಾಟುತ್ತ ದಿಕ್ಕು ಕಾಯ್ದುಕೊಳ್ಳುತ್ತಾರೆ. ಕತ್ತಲಲ್ಲಿ ಕಾಲೇ ಅದನ್ನು ಗುರುತಿಸುತ್ತದೆ.

ಈಗ ನಾಯಿಗಳ ಜಾಗಕ್ಕೆ ಬಹುಮಟ್ಟಿಗೆ ಮೋಟಾರು ಹಿಮವಾಹನ ಬಂದಿದೆ, ಜೇಬಿನಲ್ಲಿ ಜಿಪಿಎಸ್ ಇದೆ. ಹಿಂದೆ ಕಟ್ಟುವ ಬಂಡಿಯ ಅಡ್ಡಪಟ್ಟಿಗಳನ್ನು ಮಾತ್ರ ಇಂದಿಗೂ ಹಗ್ಗದಿಂದಲೇ ಬಿಗಿಯುತ್ತಾರೆ. ಕಡಲ ಮೇಲಿನ ಮಂಜುಗಡ್ಡೆ ತಡವಾಗಿ ಕಟ್ಟಿ ಬೇಗ ಕರಗುತ್ತಿರುವ ಈ ಕಾಲದಲ್ಲಿ, ಅದು ಎಲ್ಲಿ ತೆಳುವಾಗಿದೆ ಎಂಬುದನ್ನು ಜಿಪಿಎಸ್ ಹೇಳುವುದಿಲ್ಲ. ಆದ್ದರಿಂದ ಬೇಟೆಗಾರ ವಾಹನ ನಿಲ್ಲಿಸಿ ಕೆಳಗಿಳಿದು, ಈಟಿಯ ತುದಿಯಿಂದ ಮುಂದಿನ ಮಂಜುಗಡ್ಡೆಯನ್ನು ಕುಟ್ಟಿ ನೋಡುತ್ತಾನೆ.