ಎಸ್ಟೋನಿಯಾದ ಸೊನ್ನೆ ತೆರಿಗೆ: ಪೂರ್ತಿ ಲೆಕ್ಕ ನೋಡಿ

"ಎಸ್ಟೋನಿಯಾದಲ್ಲಿ ಕಂಪನಿ ತೆರೆದರೆ ತೆರಿಗೆನೇ ಇಲ್ವಂತೆ, ಹೌದಾ ಸರ್?" ಅಂತ ಕೇಳುವ ಸಾಫ್ಟ್‌ವೇರ್ ಹುಡುಗರು ಈಚೆಗೆ ಜಾಸ್ತಿ. ಅರ್ಧ ನಿಜ. ಲಾಭವನ್ನು ಕಂಪನಿಯೊಳಗೇ ಬಿಟ್ಟರೆ ಅಲ್ಲಿ ತೆರಿಗೆ ಇಲ್ಲ, 2000ದಿಂದಲೂ ಹಾಗೇ. ಡಿವಿಡೆಂಡ್ ಅಂತ ಹೊರಗೆ ತೆಗೆದಾಗ ಕಟ್ಟಬೇಕು. 2025ರಿಂದ ಅದು 22%.

10,000 ಯೂರೋ ಲಾಭ ಬಂತು ಅನ್ನಿ. ಪೂರ್ತಿ ತೆಗೆದರೆ 2,200 ಅಲ್ಲೇ ಹೋಯಿತು, ಕೈಗೆ 7,800. ನೀವಿರುವುದು ಬೆಂಗಳೂರಿನಲ್ಲಿ, ಹಾಗಾಗಿ ಇದು ಇಲ್ಲಿನ ನಿಮ್ಮ ಆದಾಯಕ್ಕೆ ಸೇರುತ್ತದೆ. 30% ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ 31.2%, ಅಂದರೆ ಹೆಚ್ಚುಕಡಿಮೆ 2,430 ಯೂರೋ. ಉಳಿದದ್ದು 5,370. ಅಲ್ಲಿ ಕಟ್ಟಿದ 2,200 ಇಲ್ಲಿ ವಜಾ ಆಗಲ್ವಾ? ಆಗುವುದಿಲ್ಲ. ಅದು ಕಂಪನಿ ಕಟ್ಟಿದ ತೆರಿಗೆ, ನಿಮ್ಮದಲ್ಲ. ಇನ್ನು ಕಂಪನಿ ಅಲ್ಲಿನ ರಾಜಧಾನಿ ಟ್ಯಾಲಿನ್‌ನಲ್ಲಿ, ಕೆಲಸವೆಲ್ಲ ಇಲ್ಲಿನ ನಿಮ್ಮ ಮನೆಯಲ್ಲಿ ಅಂತಾದರೆ, ವ್ಯವಹಾರದ ಕಾಯಂ ನೆಲೆ ಭಾರತದಲ್ಲೇ ಇದೆ ಅಂತ ನಮ್ಮ ತೆರಿಗೆ ಇಲಾಖೆ ಹಿಡಿಯಬಹುದು, ಆಗ ಆ ಪಾಲಿನ ಲಾಭಕ್ಕೆ ವಿದೇಶಿ ಕಂಪನಿಯ ದರ 35%. ಲಿಸ್ಟ್ ಆಗದ ವಿದೇಶಿ ಕಂಪನಿಯ ಒಂದೇ ಷೇರು ಕೊಂಡರೂ ಅದು ನೇರ ಹೂಡಿಕೆ, ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿಗೆ ಫಾರ್ಮ್ ಹೋಗಬೇಕು. ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲೂ ತೋರಿಸಬೇಕು.

ಹಾಗಂತ ಎಸ್ಟೋನಿಯಾ ಬರೀ ಬೊಗಳೆ ಅಲ್ಲ. 14 ಲಕ್ಷ ಜನರೂ ಇಲ್ಲದ ಈ ದೇಶ 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಹೊರಬಂತು. ಮರುವರ್ಷವೇ ರೂಬಲ್ ಬಿಟ್ಟು ತನ್ನದೇ ಕ್ರೂನ್ ತಂದು, 8 ಕ್ರೂನ್‌ಗೆ ಒಂದು ಜರ್ಮನ್ ಮಾರ್ಕ್ ಅಂತ ಕಟ್ಟಿಹಾಕಿತು. ಅದೇ ವರ್ಷ ಪ್ರಧಾನಿಯಾದ ಮಾರ್ಟ್ ಲಾರ್ ಅವರಿಗೆ ಆಗ 32 ವಯಸ್ಸು. 1994ರಲ್ಲಿ ಎಲ್ಲರಿಗೂ ಒಂದೇ ದರದ 26% ಆದಾಯ ತೆರಿಗೆ ಬಂತು, 2011ರಲ್ಲಿ ಯೂರೋ. ಸರ್ಕಾರದ ಸಾಲ ಇವತ್ತಿಗೂ ಯುರೋಪಿನಲ್ಲೇ ತೀರಾ ಕಡಿಮೆ ಇರುವವರ ಸಾಲಿನಲ್ಲಿದೆ.

ಮನೆಯೊಳಗೆ ಗಿರಾಕಿ ಇಲ್ಲ, ಅದಕ್ಕೇ ಅಲ್ಲಿನ ಹುಡುಗರು ಮೊದಲ ದಿನದಿಂದಲೇ ಹೊರಗೆ ನೋಡುತ್ತಾರೆ. ಸ್ಕೈಪ್‌ನ ಸಾಫ್ಟ್‌ವೇರ್ ಬರೆದವರು ಟ್ಯಾಲಿನ್‌ನವರು. 2005ರಲ್ಲಿ ಈಬೇ ಅದನ್ನು ಕೊಂಡಿತು. ಸ್ಕೈಪ್‌ನಲ್ಲಿ ಕೆಲಸ ಮಾಡಿದ್ದ ಟಾವೆಟ್ ಹಿನ್ರಿಕುಸ್ ಮುಂದೆ ದೇಶದಿಂದ ದೇಶಕ್ಕೆ ಹಣ ಕಳಿಸುವ ವೈಸ್ ಕಟ್ಟಿದವರಲ್ಲೊಬ್ಬರು. ಟ್ಯಾಕ್ಸಿ ಆ್ಯಪ್ ಬೋಲ್ಟ್ ಶುರು ಮಾಡಿದಾಗ ಮಾರ್ಕುಸ್ ವಿಲ್ಲಿಗ್‌ಗೆ 19. ಇಂಥ ಕಂಪನಿಗಳಲ್ಲಿ ಶುರುವಿನಲ್ಲೇ ಹಣ ಹಾಕಿದವರಿಗೆ ಲಾಭ ಸಿಕ್ಕಿದೆ.

ಆದರೆ ನಮ್ಮಂಥ ಸಾಮಾನ್ಯ ಹೂಡಿಕೆದಾರರಿಗೆ ಸಿಗುವುದು ಟ್ಯಾಲಿನ್ ಷೇರುಪೇಟೆ, ಅದು ಪುಟ್ಟದು. ಬಂದರು, ಹಡಗು, ಒಂದೆರಡು ಬ್ಯಾಂಕು. ದಿನದ ವಹಿವಾಟು ಎಷ್ಟು ತೆಳು ಅಂದರೆ, ಸ್ವಲ್ಪ ದೊಡ್ಡ ಮೊತ್ತ ಮಾರಲು ಹೊರಟರೆ ಬೆಲೆ ನಿಮ್ಮಿಂದಲೇ ಇಳಿಯಬಹುದು. ಗಾಳಿ ವಿದ್ಯುತ್ತಿನ ಎನೆಫಿಟ್ ಗ್ರೀನ್ 2021ರಲ್ಲಿ 2.90 ಯೂರೋಗೆ ಐಪಿಒಗೆ ಬಂತು, ಊರ ಜನರೆಲ್ಲ ಮುಗಿಬಿದ್ದು ಕೊಂಡರು. 2025ರಲ್ಲಿ ಸರ್ಕಾರಿ ಮಾತೃಸಂಸ್ಥೆ 3.40 ಕೊಟ್ಟು ಷೇರು ವಾಪಸ್ ಕೊಂಡು, ಪೇಟೆಯಿಂದಲೇ ಹೊರಗೆ ತೆಗೆಯಿತು. ನಡುವೆ ಬಂದ ಡಿವಿಡೆಂಡ್ ಬೇರೆ, ಸರಿ. ಆದರೆ ಆ ನಡುವೆಯೇ 2022ರಲ್ಲಿ ಅಲ್ಲಿನ ಬೆಲೆಯೇರಿಕೆ 19% ದಾಟಿತ್ತಲ್ಲ!

ರಷ್ಯಾ ಪಕ್ಕದಲ್ಲೇ ಇದೆಯಲ್ಲ ಅನ್ನುವ ಭಯ ಸುಳ್ಳಲ್ಲ. ರಕ್ಷಣಾ ಖರ್ಚು ಏರುತ್ತಿದೆ, ಅದರ ಜೊತೆಗೆ ತೆರಿಗೆಯೂ: ವ್ಯಾಟ್ 2024ರಲ್ಲಿ 22%, ಮರುವರ್ಷ 24%. 2025ರ ಫೆಬ್ರುವರಿಯಲ್ಲಿ ರಷ್ಯಾದ ವಿದ್ಯುತ್ ಜಾಲದಿಂದಲೂ ಕಳಚಿಕೊಂಡರು.

ನಿಮ್ಮ ಗಿರಾಕಿಗಳು ಯುರೋಪಿನಲ್ಲಿದ್ದು, ಬಂದ ಲಾಭವನ್ನು ಕಂಪನಿಯಲ್ಲೇ ಬಿಟ್ಟು ಬೆಳೆಸುವ ತಾಳ್ಮೆ ಇದ್ದರೆ ನಾನು ಹೂಂ ಅನ್ನುತ್ತೇನೆ. ಹೊರದೇಶದವರಿಗೆ ಎಸ್ಟೋನಿಯಾ ಕೊಡುವ ಡಿಜಿಟಲ್ ಗುರುತಿನ ಚೀಟಿ, ಅಂದರೆ ಇ-ರೆಸಿಡೆನ್ಸಿ ಕಾರ್ಡ್, ಇದ್ದರೆ ಕಂಪನಿ ಆನ್‌ಲೈನ್‌ನಲ್ಲೇ ನೋಂದಾಯಿಸಬಹುದು. ಅದು ವೀಸಾ ಅಲ್ಲ, ಅಲ್ಲಿರುವ ಹಕ್ಕೂ ಅಲ್ಲ. ಡೆನ್ಮಾರ್ಕಿನ ಡಾನ್ಸ್ಕೆ ಬ್ಯಾಂಕಿನ ಟ್ಯಾಲಿನ್ ಶಾಖೆಯ ಮೂಲಕ 2007ರಿಂದ 2015ರವರೆಗೆ ಸುಮಾರು 20,000 ಕೋಟಿ ಯೂರೋ, ಬಹುಪಾಲು ಅನುಮಾನದ ಹಣ, ಹರಿದ ಮೇಲಂತೂ ಅಲ್ಲಿನ ಬ್ಯಾಂಕುಗಳು ಹೊರಗಿನವರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಕಾರ್ಡ್‌ಗೆ ಅರ್ಜಿ ಹಾಕುವ ಮುಂಚೆಯೇ ನಿಮ್ಮ ಕಂಪನಿಗೆ ಖಾತೆ ಯಾರು ಕೊಡುತ್ತಾರೆ ಅಂತ ವಿಚಾರಿಸಿಕೊಳ್ಳಿ.