ಚೌಕದ ಮೇಲೆ ಗುಮ್ಮಟ: ಇಸ್ಲಾಮಿ ಕಟ್ಟಡಗಳನ್ನು ಮೂಲೆಯಿಂದ ಗುರುತಿಸುವ ಅಧ್ಯಯನ ಟಿಪ್ಪಣಿ

ಉಮಯ್ಯದ್, ಸೆಲ್ಜುಕ್, ತೈಮೂರಿ, ಆಟೊಮನ್, ಮೊಘಲ್, ಆದಿಲ್‌ಶಾಹಿ ಎಂದು ವಂಶಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ಹೆಸರಿಲ್ಲದ ಚಿತ್ರವೊಂದನ್ನು ಮುಂದಿಟ್ಟರೆ ತಡವರಿಸುತ್ತಾರೆ. ಹೆಚ್ಚಿನವರು ನೋಡುವುದು ಹೊರಗಿನದನ್ನೇ: ಗುಮ್ಮಟದ ಆಕಾರ, ಹೆಂಚಿನ ಬಣ್ಣ, ಮಿನಾರುಗಳ ಲೆಕ್ಕ. ಹೊರಮೈ ರಿಪೇರಿಯಲ್ಲಿ ಬದಲಾಗುತ್ತದೆ. ಜೆರುಸಲೇಮಿನ ಡೋಮ್ ಆಫ್ ದ ರಾಕ್ ಮುಗಿದದ್ದು 691–92ರಲ್ಲಿ, ಖಲೀಫ ಅಬ್ದ್ ಅಲ್-ಮಲಿಕ್‌ನ ಕಾಲದಲ್ಲಿ. ಆದರೆ ಅದರ ಹೊರಗೋಡೆಗೆ ಹೆಂಚು ಹೊದಿಸಿದ್ದು 16ನೇ ಶತಮಾನದ ಆಟೊಮನ್ ಸುಲ್ತಾನ ಸುಲೈಮಾನ್. ಈಗ ಹೊಳೆಯುವ ಬಂಗಾರದ ಹೊದಿಕೆ 20ನೇ ಶತಮಾನದ್ದು. ಹೊರಗಿನ ಚಿತ್ರ ನೋಡಿ ಕಾಲ ಹೇಳಲು ಹೊರಟರೆ ಎಡವುವುದೇ.

ಒಳಗೆ ನಿಂತು ತಲೆ ಎತ್ತಿ, ಚೌಕದ ಕೋಣೆ ದುಂಡನೆಯ ಗುಮ್ಮಟವಾಗಿ ಬದಲಾಗುವ ಮೂಲೆಯನ್ನು ನೋಡಿ. ಭಾರ ಹೊರುವ ಈ ಭಾಗವನ್ನು ಬದಲಿಸಬೇಕಾದರೆ ಗುಮ್ಮಟವನ್ನೇ ಇಳಿಸಬೇಕು. ಹಾಗಾಗಿ ಕಟ್ಟಿದವರ ವಿದ್ಯೆ ಅಲ್ಲಿ ಹಾಗೇ ಉಳಿದಿರುತ್ತದೆ.

ಮೊದಲು ಹಾಳೆಯ ಮೇಲೆ

10 ಸೆಂ.ಮೀ. ಬದಿಯ ಚೌಕ ಎಳೆಯಿರಿ. ಅದರೊಳಗೆ ನಾಲ್ಕೂ ಬದಿ ಮುಟ್ಟುವಂತೆ 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಪ್ರತಿ ಗೋಡೆಯ ನಟ್ಟನಡುವೆ ವೃತ್ತಕ್ಕೆ ಆಧಾರವಿದೆ. ಮೂಲೆಯ ಕಡೆಗೆ ಹೋದಂತೆ ಅದು ಗಾಳಿಯಲ್ಲಿ ತೇಲುತ್ತದೆ. ಮೂಲೆಯಿಂದ ವೃತ್ತಕ್ಕೆ 2.07 ಸೆಂ.ಮೀ. ಅಂತರ. ಕೋಣೆ 10 ಮೀಟರಿನದಾದರೆ ಇದೇ ಅಂತರ 2 ಮೀಟರಿಗೂ ಹೆಚ್ಚು. ಅಷ್ಟು ದೂರ ಇಟ್ಟಿಗೆಯನ್ನು ಸುಮ್ಮನೆ ಮುಂದಕ್ಕೆ ಚಾಚಲಾಗದು.

ಈಗ ಚೌಕವನ್ನು ಅಷ್ಟಕೋನ ಮಾಡಿ. ಕರ್ಣದ ಅರ್ಧದಷ್ಟು, ಅಂದರೆ 7.07 ಸೆಂ.ಮೀ. ತ್ರಿಜ್ಯ ಹಿಡಿದು ಪ್ರತಿ ಮೂಲೆಯಿಂದ ಕಂಸ ಎಳೆಯಿರಿ. ಕಂಸಗಳು ಬದಿಗಳನ್ನು ಕಡಿದ ಎಂಟು ಬಿಂದುಗಳೇ ಅಷ್ಟಕೋನದ ಮೂಲೆಗಳು. ಈ ಕೆಲಸಕ್ಕೆ ಅಳತೆಪಟ್ಟಿ ಬೇಡ, ಗೂಟ ಮತ್ತು ಹಗ್ಗ ಸಾಕು. ಪ್ರತಿ ಬಿಂದು ಹತ್ತಿರದ ಮೂಲೆಯಿಂದ 2.93 ಸೆಂ.ಮೀ. ದೂರದಲ್ಲಿರಬೇಕು, ಎಂಟೂ ಬದಿ 4.14 ಸೆಂ.ಮೀ. ಬರಬೇಕು. ಕಲಿಯುವವರು ಇಲ್ಲಿ ಸಾಮಾನ್ಯವಾಗಿ ಬದಿಯನ್ನು ಮೂರು ಸಮಪಾಲು ಮಾಡಿ 3.33ರಲ್ಲಿ ಗುರುತು ಹಾಕುತ್ತಾರೆ. ಆಗ ಮೂಲೆಯ ಬದಿ 4.71, ಗೋಡೆಯ ಬದಿ 3.33 ಆಗಿ, ಮೂಲೆಯ ಗೆರೆ ವೃತ್ತವನ್ನೇ ಕತ್ತರಿಸಿಬಿಡುತ್ತದೆ.

ಅಷ್ಟಕೋನ ಸರಿಯಾಗಿ ಬಂದರೆ ಅದರ ಮೂಲೆಗೂ ವೃತ್ತಕ್ಕೂ ಉಳಿಯುವ ಅಂತರ 0.41 ಸೆಂ.ಮೀ. ಹದಿನಾರು ಬದಿ ಮಾಡಿದರೆ 0.1 ಸೆಂ.ಮೀ. 10 ಮೀಟರಿನ ಕೋಣೆಗೆ ಇದನ್ನು ಅನ್ವಯಿಸಿ ನೋಡಿ: 207 ಸೆಂ.ಮೀ., ಆಮೇಲೆ 41, ಆಮೇಲೆ 10. ಹತ್ತು ಸೆಂ.ಮೀ. ಎಂದರೆ ಒಂದೆರಡು ವರಸೆ ಇಟ್ಟಿಗೆಯನ್ನು ಸ್ವಲ್ಪ ಮುಂದಕ್ಕೆ ಚಾಚಿದರೆ ಮುಗಿಯುವ ಮಾತು. ಇರಾನಿನ ಗುಮ್ಮಟಗಳಲ್ಲಿ ನಾಲ್ಕು, ಎಂಟು, ಹದಿನಾರು ಎಂದು ಕಮಾನುಗಳ ಸಾಲು ಮೇಲೇರುವುದು ಈ ಲೆಕ್ಕದಿಂದಲೇ. ಅಲಂಕಾರಕ್ಕೆ ಎಂದು ಬರೆದರೆ ಅರ್ಧ ಉತ್ತರವಷ್ಟೇ.

ಮೂಲೆಗಮಾನು: ಇರಾನ್ ಮತ್ತು ಮಧ್ಯ ಏಷ್ಯಾ

ಅಷ್ಟಕೋನದ ನಾಲ್ಕು ಓರೆ ಬದಿಗಳಲ್ಲಿ ಕೆಳಗೆ ಗೋಡೆಯಿಲ್ಲ. ಅಲ್ಲಿ ಒಂದು ಗೋಡೆಯಿಂದ ಪಕ್ಕದ ಗೋಡೆಗೆ ಅಡ್ಡಲಾಗಿ ಹಾಕುವ ಕಮಾನೇ ಸ್ಕ್ವಿಂಚ್, ಅಂದರೆ ಮೂಲೆಗಮಾನು. ಇದು ಇಸ್ಲಾಮಿಗಿಂತ ಹಳೆಯದು; 3ನೇ ಶತಮಾನದ ಸಸಾನಿ ದೊರೆ ಅರ್ದಶೀರನ ಫಿರೂಜಾಬಾದ್ ಅರಮನೆಯಲ್ಲೇ ಇದೆ. ಬುಖಾರಾದಲ್ಲಿ 10ನೇ ಶತಮಾನದ ಸಾಮಾನಿ ದೊರೆಗಳ ಗೋರಿಯಲ್ಲಿ ಇದನ್ನು ಬರೀ ಇಟ್ಟಿಗೆಯಲ್ಲಿ, ಗಿಲಾವಿನ ಮರೆಯಿಲ್ಲದೆ ನೋಡಬಹುದು. ಕಲಿಯಲು ಅದಕ್ಕಿಂತ ಒಳ್ಳೆಯ ಕಟ್ಟಡ ಸಿಗುವುದು ಕಷ್ಟ.

ಮುಂದಿನ ದೊಡ್ಡ ಹೆಜ್ಜೆ ಇಸ್ಫಹಾನಿನ ಜುಮ್ಮಾ ಮಸೀದಿಯಲ್ಲಿ. ಸೆಲ್ಜುಕ್ ಸುಲ್ತಾನ ಮಲಿಕ್‌ಷಾನ ವಜೀರ ನಿಜಾಮ್ ಅಲ್-ಮುಲ್ಕ್ 1086–87ರ ಹೊತ್ತಿಗೆ ದಕ್ಷಿಣದ ಗುಮ್ಮಟ ಕಟ್ಟಿಸಿದ. ಅವನ ಎದುರಾಳಿ ತಾಜ್ ಅಲ್-ಮುಲ್ಕ್ 1088–89ರಲ್ಲಿ ಉತ್ತರದ ಗುಮ್ಮಟ ಕಟ್ಟಿಸಿದ. ಆಸ್ಥಾನದ ಹಗೆತನ ಇಟ್ಟಿಗೆಯಲ್ಲಿ ಕೂತಿದೆ. ಉತ್ತರದ್ದು ಚಿಕ್ಕದು, ಆದರೆ ಕೆಲಸ ಚೊಕ್ಕ: ನೆಲದಿಂದ ಏಳುವ ಕಂಬದ ಗೆರೆಗಳು ಎಂಟು ಕಮಾನಿಗೆ, ಅಲ್ಲಿಂದ ಹದಿನಾರಕ್ಕೆ ಕಣ್ಣು ತಪ್ಪದಂತೆ ಹರಿಯುತ್ತವೆ. ಎರಡರಲ್ಲೂ ಮೂಲೆಗಮಾನು ಒಂದೇ ಗೂಡಾಗಿ ಉಳಿದಿಲ್ಲ. ನಡುವೆ ಒಂದು ಕಿರಿದಾದ ಕಮಾನು, ಎರಡು ಪಕ್ಕಕ್ಕೆ ಕಾಲು ಗುಮ್ಮಟದ ತುಂಡುಗಳು, ಹೀಗೆ ಮೂರಾಗಿ ಒಡೆದಿದೆ. ಚಿತ್ರದಲ್ಲಿ ಈ ಮೂರೆಸಳಿನ ಮೂಲೆ ಕಂಡರೆ ಮೊದಲು ಸೆಲ್ಜುಕ್ ಇರಾನನ್ನು ನೆನೆಯಿರಿ.

ಮೂಲೆಗಮಾನಿನ ದೋಷವನ್ನೂ ತಿಳಿದಿರಬೇಕು. ಅದು ಗೋಡೆಗಳನ್ನು ಹೊರಕ್ಕೆ ಒತ್ತುತ್ತದೆ. ಗೋಡೆ ತೆಳುವಾಗಿದ್ದರೆ ಅಥವಾ ಕಿಟಕಿ ಮೂಲೆಗೆ ತೀರ ಹತ್ತಿರವಿದ್ದರೆ ಮೊದಲ ಬಿರುಕು ಅಲ್ಲಿಯೇ. ಜೊತೆಗೆ, ಇದು ಮೂಲೆಯನ್ನು ಮುಚ್ಚುತ್ತದೆಯೇ ಹೊರತು ಗುಮ್ಮಟ ದಾಟಬೇಕಾದ ಅಗಲವನ್ನು ಕಡಿಮೆ ಮಾಡುವುದಿಲ್ಲ: 10 ಸೆಂ.ಮೀ. ಚೌಕಕ್ಕೆ 10 ಸೆಂ.ಮೀ. ವೃತ್ತವೇ ಬಂತು. ವಿಜಯಪುರಕ್ಕೆ ಬಂದಾಗ ಈ ಮಾತು ಬೇಕಾಗುತ್ತದೆ.

ಮೂರೆಸಳನ್ನು ಇನ್ನೂ ಚಿಕ್ಕ ಚಿಕ್ಕ ಗೂಡುಗಳಾಗಿ ಒಡೆದು ಸಾಲು ಸಾಲಾಗಿ ಮುಂದೆ ಚಾಚಿದರೆ ಮುಖರ್ನಸ್. ಉತ್ತರ ಬರೆಯುವಾಗ ಎಲ್ಲ ಮುಖರ್ನಸ್ ಭಾರ ಹೊರುತ್ತದೆ ಎಂದು ಬರೆಯಬೇಡಿ. ಕೈರೊ ಮತ್ತು ಅನಾಟೋಲಿಯಾದ ಕಲ್ಲಿನದು ನಿಜಕ್ಕೂ ಚಾಚುಗಲ್ಲುಗಳ ಕೆಲಸ. ಗ್ರಾನಡಾದ ಅಲ್ಹಂಬ್ರಾದಲ್ಲಿ ಸಾವಿರಾರು ಗೂಡುಗಳ ಗಚ್ಚಿನ ಮುಖರ್ನಸ್ ಇದೆ. ಅದು ಮೇಲಿನ ಚಾವಣಿಯನ್ನು ಹೊರುವುದಿಲ್ಲ, ಅದಕ್ಕೆ ಅಂಟಿಕೊಂಡಿದೆ. ಸಮರ್ಕಂದದ ಗಣಿತಜ್ಞ ಅಲ್-ಕಾಶಿ 1427ರಲ್ಲಿ ಮುಗಿಸಿದ ಲೆಕ್ಕದ ಗ್ರಂಥದಲ್ಲಿ ಮುಖರ್ನಸ್ಸನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಅದರ ಮೇಲ್ಮೈ ಅಳೆಯುವ ವಿಧಾನ ಹೇಳಿದ್ದಾನೆ.

ಸಮಸ್ಯೆಯನ್ನೇ ತಪ್ಪಿಸಿದವರು, ಅರ್ಧ ಬಿಡಿಸಿದವರು

ಡೋಮ್ ಆಫ್ ದ ರಾಕ್‌ನಲ್ಲಿ ಮೂಲೆಯ ಪ್ರಶ್ನೆಯೇ ಏಳುವುದಿಲ್ಲ. ಸುಮಾರು 20 ಮೀಟರ್ ಅಗಲದ ಗುಮ್ಮಟದ ಕೆಳಗೆ 4 ದಪ್ಪ ಕಂಬ ಮತ್ತು 12 ಸಣ್ಣ ಕಂಬಗಳ ವೃತ್ತ ನೆಲದವರೆಗೂ ಇಳಿದಿದೆ. ಅಷ್ಟಕೋನ ಇರುವುದು ಅದರ ಸುತ್ತ. ಗುಮ್ಮಟವೂ ಮರದ್ದು, ಹಗುರ.

ದೆಹಲಿಯಲ್ಲಿ ಇಲ್ತುಮಿಷ್‌ನ ಗೋರಿ, ಸುಮಾರು 1235. ಮೂಲೆಗಮಾನಿನ ಆಕಾರವಿದೆ, ಆದರೆ ಕಲ್ಲುಗಳು ಅಡ್ಡಲಾಗಿ ಒಂದರ ಮೇಲೊಂದು ಚಾಚಿವೆ. ದೇವಾಲಯ ಕಟ್ಟಿ ಪಳಗಿದ ಕೈ ಅದು. ಮೇಲೆ ಈಗ ಗುಮ್ಮಟವಿಲ್ಲ, ಮೂಲೆಗಳು ಮಾತ್ರ ಉಳಿದಿವೆ. ಅಲ್ಲಿಯದೇ 1311ರ ಹೆಬ್ಬಾಗಿಲು ಅಲಾಯಿ ದರವಾಜಾದಲ್ಲಿ ಕಲ್ಲುಗಳು ಕಮಾನಿನ ಕೇಂದ್ರದ ಕಡೆಗೆ ಓರೆಯಾಗಿ ಕೂತಿವೆ. ಕಮಾನಿನ ಚಿತ್ರ ಕೊಟ್ಟಾಗ ಕಲ್ಲುಗಳ ನಡುವಿನ ಸಂದು ನೋಡಿ: ಸಂದು ನೆಲಕ್ಕೆ ಸಮಾನಾಂತರವಾಗಿದ್ದರೆ ಚಾಚುಕಮಾನು, ಕೇಂದ್ರದತ್ತ ಮುಖ ಮಾಡಿದ್ದರೆ ನಿಜವಾದ ಕಮಾನು.

ಆಟೊಮನ್ನರ ಪೆಂಡೆಂಟಿವ್

ಚೌಕದ ಕರ್ಣದಷ್ಟು ವ್ಯಾಸದ, ಅಂದರೆ ನಮ್ಮ ಹಾಳೆಯ ಲೆಕ್ಕದಲ್ಲಿ 14.14 ಸೆಂ.ಮೀ. ಗೋಳವನ್ನು ಊಹಿಸಿ. ನಾಲ್ಕು ಗೋಡೆ ಹೊರಚಾಚುವಲ್ಲಿ ನೆಟ್ಟಗೆ ಕತ್ತರಿಸಿ. ನಾಲ್ಕು ಕಮಾನು ಸಿಕ್ಕವು. ಕಮಾನುಗಳ ನೆತ್ತಿಯ ಮಟ್ಟದಲ್ಲಿ ಅಡ್ಡಲಾಗಿ ಕತ್ತರಿಸಿ, 10 ಸೆಂ.ಮೀ. ವೃತ್ತ ಸಿಕ್ಕಿತು. ಮೂಲೆಗಳಲ್ಲಿ ಉಳಿದ ನಾಲ್ಕು ಬಾಗಿದ ತ್ರಿಕೋನಗಳೇ ಪೆಂಡೆಂಟಿವ್. ಮೂಲೆಗಮಾನಿನಂತೆ ಗೂಡು ಕಾಣದು, ನುಣುಪಾದ ಮೇಲ್ಮೈ ಇರುತ್ತದೆ. ಭಾರ ಗೋಡೆಯುದ್ದಕ್ಕೂ ಹರಡದೆ ನಾಲ್ಕು ಕಂಬಕ್ಕೆ ಇಳಿಯುವುದರಿಂದ ನಡುವಿನ ಗೋಡೆಯಲ್ಲಿ ಎಷ್ಟು ಬೇಕಾದರೂ ಕಿಟಕಿ ಇಡಬಹುದು. ಆಟೊಮನ್ ಮಸೀದಿಗಳ ಬೆಳಕಿನ ಗುಟ್ಟು ಇದು.

ಮಾದರಿ ಕಾನ್‌ಸ್ಟಾಂಟಿನೋಪಲ್‌ನ (ಈಗಿನ ಇಸ್ತಾಂಬುಲ್) ಹಾಗಿಯಾ ಸೋಫಿಯಾ ಚರ್ಚು, 537. ಅದರ ಮೊದಲ ಗುಮ್ಮಟ 558ರಲ್ಲಿ ಕುಸಿಯಿತು. ಮತ್ತೆ ಕಟ್ಟುವಾಗ ಎತ್ತರಿಸಿದರು, ಏಕೆಂದರೆ ಗುಮ್ಮಟ ಚಪ್ಪಟೆಯಾದಷ್ಟೂ ಹೊರಒತ್ತಡ ಹೆಚ್ಚು. ಅರ್ಧಗೋಳದ ಗುಮ್ಮಟದಲ್ಲೂ ನೆತ್ತಿಯಿಂದ ಸುಮಾರು 52 ಡಿಗ್ರಿಯ ಕೆಳಗೆ ಉಂಗುರಗಳು ಹಿಗ್ಗಲು ನೋಡುತ್ತವೆ. ಇಟ್ಟಿಗೆ-ಗಾರೆ ಒತ್ತಡ ತಾಳುತ್ತದೆ, ಎಳೆತ ತಾಳದು. ಹಾಗಾಗಿ ಬಿರುಕು ಬುಡದಿಂದ ಮೇಲಕ್ಕೆ ಉದ್ದುದ್ದ ಏಳುತ್ತದೆ. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದಂತೆ ಬುಡವನ್ನು ಏನಾದರೂ ಬಿಗಿಹಿಡಿಯಬೇಕು.

ಆಟೊಮನ್ ವಾಸ್ತುಶಿಲ್ಪಿ ಸಿನಾನ್ ಇದಕ್ಕೆ ಒಂದಾದ ಮೇಲೊಂದು ಉತ್ತರ ಹುಡುಕಿದ. ಇಸ್ತಾಂಬುಲ್‌ನ ಶೆಹಜಾದೆ ಮಸೀದಿಯಲ್ಲಿ (1548) ನಾಲ್ಕೂ ಕಡೆ ಅರ್ಧಗುಮ್ಮಟ ಒತ್ತುಕೊಟ್ಟ. ಗುಮ್ಮಟ 19 ಮೀಟರ್. ಸುಲೈಮಾನಿಯೆಯಲ್ಲಿ (1557) ಎರಡೇ ಅರ್ಧಗುಮ್ಮಟ, 26 ಮೀಟರಿಗೂ ಮಿಕ್ಕ ಅಗಲ, ನೆಲದಿಂದ ಸುಮಾರು 53 ಮೀಟರ್ ಎತ್ತರ. ಎದಿರ್ನೆಯ ಸೆಲಿಮಿಯೆಯಲ್ಲಿ (1575ರ ಹೊತ್ತಿಗೆ ಪೂರ್ಣ) ನಾಲ್ಕು ಕಂಬ ಬಿಟ್ಟು ಎಂಟು ಕಂಬಕ್ಕೆ ಹೋದ. ಗುಮ್ಮಟ 31 ಮೀಟರ್ ದಾಟಿತು. ಎಂಟು ಕಂಬವಾದ ಮೇಲೆ ತುಂಬಬೇಕಾದ ಮೂಲೆ ಚಿಕ್ಕದು: ನಮ್ಮ ಲೆಕ್ಕದ 2.07 ಅಲ್ಲ, 0.41. ಸಿನಾನ್‌ನ ಅತ್ಯುತ್ತಮ ಕೆಲಸ ಯಾವುದೆಂದರೆ ಸೆಲಿಮಿಯೆ ಎನ್ನಲು ಈ ಒಂದೇ ಕಾರಣ ಸಾಕು.

ಎರಡು ಪದರದ ಗುಮ್ಮಟವನ್ನು ಇಲ್ಲೇ ಮುಗಿಸೋಣ. ಹೊರಗಿನಿಂದ ಎತ್ತರ ಕಾಣಬೇಕು, ಒಳಗೆ ಕೋಣೆ ಬಾವಿಯಂತಾಗಬಾರದು. ಅದಕ್ಕೆ ಒಳಗೊಂದು ತಗ್ಗಿನ ಗುಮ್ಮಟ, ಕತ್ತಿನಂತಹ ದುಂಡುಗೋಡೆಯ ಮೇಲೆ ಇನ್ನೊಂದು ಎತ್ತರದ್ದು. ಸಮರ್ಕಂದದ ಗೂರ್-ಎ-ಅಮೀರ್, ದೆಹಲಿಯ ಹುಮಾಯೂನ್ ಗೋರಿ, ಆಗ್ರಾದ ತಾಜ್ ಮಹಲ್ ಈ ಸಾಲಿನವು. ಒಳಗಿನ ಚಿತ್ರ ನೋಡಿ ಹೊರಗಿನ ಎತ್ತರ ಊಹಿಸಬೇಡಿ.

ಅಡ್ಡಹಾಯುವ ಕಮಾನು: ವಿಜಯಪುರ

ಹಾಳೆಗೆ ಮರಳಿ. ಎಂಟು ಬಿಂದುಗಳನ್ನು ಪಕ್ಕಪಕ್ಕಕ್ಕೆ ಸೇರಿಸುವ ಬದಲು ಒಂದು ಬಿಟ್ಟು ಒಂದು ಸೇರಿಸಿ. ಒಂದರ ಮೇಲೊಂದು ಓರೆಯಾಗಿ ಕೂತ ಎರಡು ಚೌಕಗಳ ನಕ್ಷತ್ರ ಬರುತ್ತದೆ. ಅದರ ನಡುವಿನ ಚಿಕ್ಕ ಅಷ್ಟಕೋನದೊಳಗೆ ಹಿಡಿಯುವ ವೃತ್ತದ ವ್ಯಾಸ 7.65 ಸೆಂ.ಮೀ. ಗೆರೆಗಳ ಜಾಗದಲ್ಲಿ ಕಮಾನು ಹಾಕಿದರೆ ಮೇಲಿನ ಬಾಯಿ ಕೋಣೆಗಿಂತ ಕಾಲುಭಾಗದಷ್ಟು ಕಿರಿದಾಗುತ್ತದೆ. ಮೂಲೆಗಮಾನಿಗೂ ಪೆಂಡೆಂಟಿವ್‌ಗೂ ಇಲ್ಲದ ಗುಣ ಇದು.

ಸ್ಪೇನಿನ ಕಾರ್ಡೊಬಾದ ಮಸೀದಿಗೆ ಖಲೀಫ ಎರಡನೇ ಅಲ್-ಹಕಮ್ (961–976) ಸೇರಿಸಿದ ಮಿಹ್ರಾಬಿನ (ಪ್ರಾರ್ಥನೆಯ ದಿಕ್ಕು ತೋರುವ ಗೂಡಿನ) ಮುಂದಿನ ಗುಮ್ಮಟದಲ್ಲೂ ಪಟ್ಟಿಗಳು ಹೀಗೆ ಒಂದನ್ನೊಂದು ಹಾಯುತ್ತವೆ. ಆದರೆ ಅದು ಚಿಕ್ಕ ಕೋಣೆ. ವಿಜಯಪುರಕ್ಕೆ ಹತ್ತಿರದ ಹಿರಿಯರು 15ನೇ ಶತಮಾನದ ತೈಮೂರಿ ಖುರಾಸಾನದಲ್ಲಿದ್ದಾರೆ: ಹೆರಾತದ ಗೌಹರ್‌ಶಾದ್ ಗೋರಿ, ಖರ್ಗಿರ್ದ್‌ನ ಮದರಸಾ. ದಖ್ಖನಿಗೆ ಇರಾನಿನ ಕುಶಲಿಗರು ಬರುತ್ತಿದ್ದುದಕ್ಕೆ ಕಲಬುರಗಿ ಕೋಟೆಯ ಜಾಮಿ ಮಸೀದಿಯ 1367ರ ಶಾಸನ ಸಾಕ್ಷಿ. ಅದರಲ್ಲಿ ಕಜ್ವೀನಿನ ರಫೀ ಎಂಬವನ ಹೆಸರಿದೆ. ವಿಜಯಪುರದಲ್ಲಿ ಮೊದಲು ಒಂದನೇ ಅಲಿ ಆದಿಲ್‌ಶಾ ಕಟ್ಟಿಸಿದ ಜಾಮಿ ಮಸೀದಿಯಲ್ಲಿ ಈ ಕಮಾನುಗಳನ್ನು ಬಳಸಿದರು, ಆಮೇಲೆ ಗೋಲ್ ಗುಂಬಜ್‌ನಲ್ಲಿ.

ಗೋಲ್ ಗುಂಬಜ್ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾನ ಗೋರಿ. ಒಳಕೋಣೆ ಸುಮಾರು 135 ಅಡಿ ಚೌಕ. ನೆಲದಿಂದ 57 ಅಡಿ ಎತ್ತರದಲ್ಲಿ ಗೋಡೆಗಳು ಒಳಕ್ಕೆ ಬಾಗತೊಡಗುತ್ತವೆ; ಎಂಟು ಕಮಾನುಗಳು ಅಡ್ಡಹಾಯ್ದು ಮೇಲೆ 97 ಅಡಿಯ ದುಂಡು ಬಾಯಿ ಉಳಿಯುತ್ತದೆ. ಹಾಳೆಯ ಲೆಕ್ಕದಂತೆ 135ಕ್ಕೆ 0.765ರಿಂದ ಗುಣಿಸಿದರೆ 103 ಬರಬೇಕಿತ್ತಲ್ಲ ಎಂದು ಕೇಳಬಹುದು. ಗೆರೆಗೆ ದಪ್ಪವಿಲ್ಲ, ಕಮಾನಿಗೆ ಇದೆ.

ಇಲ್ಲಿಯೇ ಜಾಣತನ. ಗುಮ್ಮಟದ ಒಳವ್ಯಾಸ 97 ಅಲ್ಲ, 124 ಅಡಿ 5 ಅಂಗುಲ, ಅಂದರೆ 37.9 ಮೀಟರ್. ಬಾಯಿಯ ಅಂಚಿನಿಂದ ಹಿಂದೆ ಸರಿದು ಕಮಾನುಗಳ ಬೆನ್ನ ಮೇಲೆ ಕೂತಿದೆ. ಮುಂದೆ ಉಳಿದ ಜಗಲಿಯೇ ಎಲ್ಲರೂ ಪಿಸುಗುಟ್ಟಲು ಹೋಗುವ ಗ್ಯಾಲರಿ. ಸುಮಾರು 10 ಅಡಿ ದಪ್ಪದ ಗುಮ್ಮಟ ಹೊರಕ್ಕೆ ಒತ್ತುತ್ತದೆ. ಗ್ಯಾಲರಿಯ ಕೆಳಗೆ ಒಳಕ್ಕೆ ಜೋತುಬಿದ್ದ ಕಟ್ಟಡದ ಭಾರ ಒಳಕ್ಕೆ ಎಳೆಯುತ್ತದೆ. ಒಂದು ಇನ್ನೊಂದನ್ನು ಬಹುಪಾಲು ತೂಗುತ್ತದೆ. ಸಿನಾನ್ ಹೊರಗಿನಿಂದ ಅರ್ಧಗುಮ್ಮಟ ಒತ್ತುಕೊಟ್ಟು ಮಾಡಿದ್ದನ್ನು ಇಲ್ಲಿ ಒಳಗಿನಿಂದಲೇ ಮಾಡಿದ್ದಾರೆ. ಅದಕ್ಕೇ ಗೋಲ್ ಗುಂಬಜ್‌ನ ಹೊರಗೆ ಸುತ್ತಲೂ ಅರ್ಧಗುಮ್ಮಟಗಳ ಗುಂಪಿಲ್ಲ, ನೆಟ್ಟಗಿನ ಗೋಡೆ ಮತ್ತು ಮೂಲೆಗೊಂದು ಏಳಂತಸ್ತಿನ ಗೋಪುರ ಮಾತ್ರ. ಪ್ರವಾಸಿಗರಿಗೆ ಪ್ರತಿಧ್ವನಿಯ ಕತೆ ಹೇಳುವವರು ಇದರಲ್ಲಿ ಅರ್ಧವನ್ನಾದರೂ ಹೇಳಬಾರದೇ ಅನಿಸುತ್ತದೆ.

ಇನ್ನು ‘ಜಗತ್ತಿನ ಎರಡನೇ ಅತಿ ದೊಡ್ಡ ಗುಮ್ಮಟ’ ಎಂಬ ಸಾಲು. ಒಳವ್ಯಾಸವೇ ಅಳತೆಯಾದರೆ ರೋಮಿನ ಪ್ಯಾಂಥಿಯನ್ 43.3 ಮೀಟರ್, ಸೇಂಟ್ ಪೀಟರ್ಸ್ ಸುಮಾರು 41.5; ಫ್ಲಾರೆನ್ಸಿನ ಕೆಥೀಡ್ರಲ್ ಕೂಡ ಗೋಲ್ ಗುಂಬಜ್‌ಗಿಂತ ದೊಡ್ಡದು. ಹೊರವ್ಯಾಸ 144 ಅಡಿಯನ್ನು ಬೇರೆಯದರ ಒಳವ್ಯಾಸದೊಂದಿಗೆ ಹೋಲಿಸಿದಾಗ ಗೊಂದಲವಾಗುತ್ತದೆ. ನಿಜಕ್ಕೂ ಮುಂದಿರುವುದು ನೆಲದ ವಿಸ್ತೀರ್ಣದಲ್ಲಿ: ಗೋಲ್ ಗುಂಬಜ್‌ನ ಒಂದೇ ಗುಮ್ಮಟದ ಕೆಳಗೆ 18,337 ಚದರ ಅಡಿ, ಪ್ಯಾಂಥಿಯನ್‌ನಲ್ಲಿ ಸುಮಾರು 15,800. ವ್ಯಾಸ ಕಡಿಮೆಯಿದ್ದೂ ನೆಲ ಹೆಚ್ಚಾದದ್ದು ಕೋಣೆ ಚೌಕವಾಗಿರುವುದರಿಂದ, ಆ ಚೌಕಕ್ಕಿಂತ ಚಿಕ್ಕ ಗುಮ್ಮಟ ಸಾಲುವಂತೆ ಎಂಟು ಕಮಾನುಗಳು ಮಾಡಿರುವುದರಿಂದ.